ಐದು ಸೆಂಟ್ಸ್ ಮನೆಗೆ ಯಾರ ನೆರವು?

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಮನೆ ಕಟ್ಟಲು ಹೊರಟವರನ್ನು ನೆಂಟರು ಮೊದಲು ಕೇಳುವುದು ‘9/11 ಆಯ್ತಾ?’ ಎಂದು. ಕಲ್ಲು, ಮರಳು, ಮೇಸ್ತ್ರಿಯ ಮಾತೆಲ್ಲ ಆಮೇಲೆ. ಗ್ರಾಮ ಪಂಚಾಯತ್ ಇ-ಸ್ವತ್ತು ತಂತ್ರಾಂಶದ ಮೂಲಕ ಕೊಡುವ ನಮೂನೆ 9 ಮತ್ತು ನಮೂನೆ 11ರ ಸಂಕ್ಷಿಪ್ತ ಹೆಸರದು. ಅವು ಕೈಗೆ ಬರುವವರೆಗೆ ಬ್ಯಾಂಕಿನವರು ಸಾಲದ ಅರ್ಜಿಯನ್ನು ತಿರುಗಿಸಿಯೂ ನೋಡುವುದಿಲ್ಲ.

ಈ ನಮೂನೆಗಳಿಗೂ ಮೊದಲು ಜಾಗದ ‘ಏಕ ನಿವೇಶನ ವಿನ್ಯಾಸ ನಕ್ಷೆ’ಗೆ ಅನುಮೋದನೆ ಬೇಕು. ಪಂಚಾಯತ್ ಮಟ್ಟದಲ್ಲೇ ಮುಗಿಯುತ್ತಿದ್ದ ಆ ಕೆಲಸ ಯೋಜನಾ ಪ್ರಾಧಿಕಾರಗಳ ಕೈಗೆ ಹೋದಾಗ ಕರಾವಳಿಯಲ್ಲಿ ದೊಡ್ಡ ಗಲಾಟೆ ಎದ್ದಿತು. 2025ರಲ್ಲಿ ಪಂಚಾಯತ್ ಕಚೇರಿಗಳ ಎದುರು ಧರಣಿ ನಡೆಯಿತು. ಅಧಿಕಾರ ಪಂಚಾಯತಿಗೇ ಮರಳಲಿ ಎಂದು ಒಂದು ಕಡೆಯವರು ಕೂಗಿದರೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರವೇ ನಡೆಯಬೇಕು ಎಂದು ಇನ್ನೊಂದು ಕಡೆಯವರು ಪಟ್ಟು ಹಿಡಿದರು. ಇಬ್ಬರೂ ಜಗಳವಾಡಿದ್ದು ಸಹಿ ಹಾಕುವ ಕೈ ಯಾರದ್ದಿರಬೇಕು ಎಂದು. ಸಹಿ ಬೀಳುವ ಆ ನಕ್ಷೆಯನ್ನು ತಯಾರಿಸಿಕೊಡುವವರು ಯಾರು, ಅದಕ್ಕೆ ಬಡವರು ಎಷ್ಟು ತೆರಬೇಕು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಎತ್ತಲೇಬೇಕಾದ ಪ್ರಶ್ನೆ ಅದು.

ಕರಾವಳಿಯ ಊರುಗಳ ಸ್ವರೂಪವೇ ಬೇರೆ. ಬಯಲುಸೀಮೆಯಲ್ಲಿ ಮನೆಗಳು ಒಂದೆಡೆ ಗುಂಪುಗೂಡಿ ಗ್ರಾಮಠಾಣಾ ಎಂಬ ಗುರುತಾದ ಜಾಗವಿರುತ್ತದೆ. ಅದರೊಳಗಿನ ಮನೆಗೆ ಭೂಪರಿವರ್ತನೆಯ ತಾಪತ್ರಯ ಇಲ್ಲ. ಇಲ್ಲಿ ಮನೆ ಇರುವುದು ಅಡಿಕೆ ತೋಟದ ಅಂಚಿಗೆ, ಗುಡ್ಡದ ಓರೆಗೆ, ಗದ್ದೆಯ ಮೇಲಿನ ದಿಣ್ಣೆಗೆ, ಒಂದರಿಂದ ಇನ್ನೊಂದಕ್ಕೆ ಕೂಗಳತೆಯಷ್ಟು ದೂರದಲ್ಲಿ. ಹೀಗಾಗಿ ಪಾಲುಪಟ್ಟಿಯಲ್ಲಿ ಬಂದ ಐದು ಸೆಂಟ್ಸ್ ಜಾಗದಲ್ಲಿ ಎರಡು ಕೋಣೆ ಕಟ್ಟುವುದಕ್ಕೂ ಸರ್ವೆಯವರ 11ಇ ನಕ್ಷೆ, ಪಹಣಿ, ಭೂಕಂದಾಯ ಕಾಯ್ದೆಯ 95ನೇ ಕಲಮಿನ ಕೆಳಗೆ ಕನ್ವರ್ಷನ್, ವಿನ್ಯಾಸ ನಕ್ಷೆ, 9/11, ಪಂಚಾಯತಿನ ಪರವಾನಗಿ ಎಲ್ಲವೂ ಬೇಕು. ಸರ್ವೆ, ಕಂದಾಯ, ಯೋಜನೆ, ಪಂಚಾಯತ್ ರಾಜ್ ಎಂದು ಕಚೇರಿಗಳೂ ಬೇರೆ ಬೇರೆ. ತಲೆಮಾರುಗಳಿಂದ ಕಾಲುದಾರಿಯಲ್ಲೇ ಓಡಾಡಿದ ಕುಟುಂಬಕ್ಕೆ, ನಕ್ಷೆಯಲ್ಲಿ ಇಂತಿಷ್ಟು ಅಗಲದ ರಸ್ತೆ ತೋರಿಸು ಎಂದರೆ ಅದು ಎಲ್ಲಿಂದ ತರಬೇಕು?

ಬೀಡಿ ಕಟ್ಟಿ ಬದುಕುವ ಒಬ್ಬ ತಾಯಿಗೆ ಈ ಕಾಗದಗಳ ಸರಣಿ ತಾನಾಗಿ ತಿಳಿಯಲು ಸಾಧ್ಯವಿಲ್ಲ. ಅದು ಆಕೆಯ ಅಜ್ಞಾನವಲ್ಲ, ಪದವೀಧರ ಮಗನಿಗೂ ತಿಳಿಯುವುದಿಲ್ಲ. ಆಗ ಮಧ್ಯವರ್ತಿ ಬರುತ್ತಾನೆ. ಅವನ ದರಕ್ಕೆ ಫಲಕವಿಲ್ಲ, ಪಡೆದ ಹಣಕ್ಕೆ ರಸೀದಿಯಿಲ್ಲ, ಅರ್ಜಿ ತಿರಸ್ಕಾರವಾದರೆ ಕೇಳಲು ವಿಳಾಸವೂ ಇರುವುದಿಲ್ಲ. ಕ್ರಯಪತ್ರ ಬರೆಯುವವರಿಗಾದರೂ ಸರ್ಕಾರದ ಲೈಸೆನ್ಸ್ ಇದೆ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿ ಪರಿಹಾರ ಕೊಡಿಸುವ 2011ರ ಸಕಾಲ ಕಾಯ್ದೆ ಕೂಡ, ಅರ್ಜಿ ಸರಿಯಾಗಿ ದಾಖಲಾದ ಮೇಲೆ ನೆರವಿಗೆ ಬರುವಂಥದ್ದು. ಅರ್ಜಿಯನ್ನೇ ಸರಿಯಾಗಿ ಸಿದ್ಧಪಡಿಸಲಾಗದೆ ಸೋತವರ ಪಾಲಿಗೆ ಅದು ಇದ್ದೂ ಇಲ್ಲದಂತೆ.

ಹಾಗೆಂದು ನಿಯಮವನ್ನೆಲ್ಲ ಕಿತ್ತುಹಾಕಿ, ಪಂಚಾಯತ್ ಕಣ್ಣುಮುಚ್ಚಿ ಸಹಿ ಹಾಕಲಿ ಎನ್ನುವ ವಾದವನ್ನೂ ಒಪ್ಪಲಾಗದು. ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎಂಜಿನಿಯರ್ ಅಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಮನೆಮಠಗಳ ಸಮೇತ ಜಾರಿದವು. 2025ರ ಮೇ ಕೊನೆಯಲ್ಲಿ ಉಳ್ಳಾಲದ ಬಳಿಯ ಮಂಜನಾಡಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಪುಟ್ಟ ಮಕ್ಕಳು ಸತ್ತರು. ಜೇಡಿ ಮಣ್ಣಿನ ದರೆಯನ್ನು ಎಷ್ಟು ನೇರವಾಗಿ ಕಡಿಯಬಹುದು, ಮಳೆನೀರಿನ ತೋಡನ್ನು ಎತ್ತ ತಿರುಗಿಸಬೇಕು, ಗೋಡೆ ದರೆಯಿಂದ ಎಷ್ಟು ದೂರವಿರಬೇಕು ಎಂದು ಜೆಸಿಬಿ ಬರುವ ಮೊದಲೇ ಹೇಳುವ ತಜ್ಞರು ಕರಾವಳಿಯ ಪ್ರತಿ ಮನೆಗೂ ಬೇಕು. ಎರಡು ಮಹಡಿಯ ಬಂಗಲೆಗೆ ಬೇಕಾದ್ದಕ್ಕಿಂತ ಹೆಚ್ಚಾಗಿ, ಅಗ್ಗಕ್ಕೆ ಸಿಕ್ಕಿತೆಂದು ಗುಡ್ಡದ ಓರೆಯಲ್ಲೇ ಜಾಗ ಕೊಳ್ಳುವ ಬಡವರಿಗೆ ಬೇಕು.

ತಪ್ಪಿದ ಕಾಗದದ ಬೆಲೆಯೂ ಈಗ ಏರಿದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್, ಉತ್ತರ ಪ್ರದೇಶದ ಮೀರಠ್‌ನ ಅಕ್ರಮ ಕಟ್ಟಡದ ಪ್ರಕರಣದಲ್ಲಿ, ಸ್ವಾಧೀನ ಪ್ರಮಾಣಪತ್ರ ನೋಡದೆ ವಿದ್ಯುತ್, ನೀರಿನ ಸಂಪರ್ಕ ಕೊಡಕೂಡದು ಎಂದು ದೇಶಕ್ಕೆಲ್ಲ ಅನ್ವಯಿಸುವಂತೆ ಆದೇಶಿಸಿತು. ಕರ್ನಾಟಕದಲ್ಲಿ ಕಟ್ಟಿ ಮುಗಿಸಿದ ಎಷ್ಟೋ ಮನೆಗಳು ಕತ್ತಲಲ್ಲಿ ಉಳಿದವು. ಕೊನೆಗೆ 1,200 ಚದರಡಿವರೆಗಿನ ನಿವೇಶನಗಳ ಮನೆಗಳಿಗೆ ಸರ್ಕಾರ ವಿನಾಯಿತಿಯ ದಾರಿ ಹುಡುಕಬೇಕಾಯಿತು. ವಿನಾಯಿತಿ ಕೊಟ್ಟದ್ದು ಸರಿ. ಆದರೆ ಮೊದಲ ದಿನವೇ ನಕ್ಷೆ ಸರಿಯಿದ್ದಿದ್ದರೆ ಆ ಮನೆಗಳಲ್ಲಿ ಎಷ್ಟಕ್ಕೋ ಅದು ಬೇಕಾಗುತ್ತಲೇ ಇರಲಿಲ್ಲ.

ಬೆಂಗಳೂರಿಗೆ 2024ರಲ್ಲಿ ‘ನಂಬಿಕೆ ನಕ್ಷೆ’ ಬಂತು. ಪಾಲಿಕೆಯ ಪಟ್ಟಿಯಲ್ಲಿರುವ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಮೂಲಕ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ, 50 ಅಡಿ ಅಗಲ 80 ಅಡಿ ಉದ್ದದವರೆಗಿನ ನಿವೇಶನದ ವಾಸದ ಮನೆಗೆ ತಾತ್ಕಾಲಿಕ ಮಂಜೂರಾತಿ ಬೇಗ ಸಿಗುತ್ತದೆ. ರಾಜಧಾನಿಯ ನಿವೇಶನದಾರರ ಮೇಲೆ ಇಡುವ ನಂಬಿಕೆಯನ್ನು ಬೆಳ್ತಂಗಡಿಯ ಕೃಷಿಕರ ಮೇಲೆ ಇಡಲು ಏನು ಅಡ್ಡಿ? ಗಡಿ ದಾಟಿ ಮಂಜೇಶ್ವರಕ್ಕೆ ಹೋದರೂ ಸಾಕು. ಕೇರಳದಲ್ಲಿ 300 ಚದರ ಮೀಟರಿನವರೆಗಿನ ಕಡಿಮೆ ಅಪಾಯದ ಕಟ್ಟಡಗಳಿಗೆ, ಲೈಸೆನ್ಸ್ ಇರುವ ಎಂಜಿನಿಯರ್ ದೃಢೀಕರಿಸಿದ ನಕ್ಷೆಯ ಮೇಲೆ ಸ್ವಯಂ ಘೋಷಣೆಯಿಂದ ಪರವಾನಗಿ ಪಡೆಯುವ ವ್ಯವಸ್ಥೆ ಇದೆ. ಅಲ್ಲೂ 2023ರಲ್ಲಿ ಶುಲ್ಕ ವಿಪರೀತ ಏರಿಸಿ, ಜನ ಸಿಟ್ಟಾದ ಮೇಲೆ ಮರುವರ್ಷ ಇಳಿಸಿದ್ದುಂಟು.

ಕರ್ನಾಟಕ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಕು, ಏಕೆಂದರೆ ಪಟ್ಟಿ ಮಾಡಿದ ಮಾತ್ರಕ್ಕೆ ಎಂಜಿನಿಯರ್ ಬಡವರ ಅಂಗಳಕ್ಕೆ ಬರುವುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನು ಕೊಡುತ್ತದೆ. ತಾಲೂಕು ಮಟ್ಟದಲ್ಲೇ ಅದಕ್ಕೆ ಸಮಿತಿಗಳಿವೆ. ಕೋರ್ಟಿನ ಮೆಟ್ಟಿಲು ಹತ್ತುವವರಿಗೆ ಸಿಗುವ ಈ ಆಸರೆ ಪಂಚಾಯತಿನ ಮೆಟ್ಟಿಲು ಹತ್ತುವವರಿಗೂ ಸಿಗಲಿ. ಪ್ರತಿ ತಾಲೂಕಿನಲ್ಲಿ ನಕ್ಷೆ ನೆರವಿನ ಒಂದು ಕೇಂದ್ರ ಇರಲಿ. ಜಿಲ್ಲೆಗಳಲ್ಲಿ ನಿರ್ಮಿತಿ ಕೇಂದ್ರಗಳಿವೆ. ಕಡಿಮೆ ಖರ್ಚಿನ ಮನೆಯ ವಿದ್ಯೆಯನ್ನು ಜನರಿಗೆ ಮುಟ್ಟಿಸಲೆಂದೇ ಹುಟ್ಟಿದ ಸಂಸ್ಥೆಗಳವು. ಅಲ್ಲಿನ ಎಂಜಿನಿಯರುಗಳ ಸಮಯದ ಒಂದು ಪಾಲು ಇದಕ್ಕೆ ಮೀಸಲಾಗಲಿ.

ನಕ್ಷೆ ಬರೆಯುವವರೂ ಪಾಸು ಮಾಡುವವರೂ ಸರ್ಕಾರದವರೇ ಆದರೆ ಪಕ್ಷಪಾತ ಆಗದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದ ಎರಡೂ ಕೆಲಸ ಬೇರೆ ಬೇರೆ ಇಲಾಖೆಯವರ ಕೈಯಲ್ಲಿರಬೇಕು. ನಕ್ಷೆಯ ಮೇಲೆ ಬರೆದವರ ಹೆಸರು, ನೋಂದಣಿ ಸಂಖ್ಯೆ ಇರಬೇಕು. ಸುಳ್ಳು ಅಳತೆ ಕೊಟ್ಟರೆ ಆ ನೋಂದಣಿ ರದ್ದಾಗಬೇಕು. ಖಾಸಗಿ ಎಂಜಿನಿಯರುಗಳ ಹೊಟ್ಟೆಪಾಡು ಏನಾಗಬೇಕು ಎಂದು ಕೇಳುವವರಿಗೆ, ದುಡ್ಡಿದ್ದವರು ಈಗಲೂ ಖಾಸಗಿ ವಕೀಲರ ಬಳಿಗೇ ಹೋಗುತ್ತಾರೆ ಎಂಬುದೇ ಉತ್ತರ.

ಕರಾವಳಿಯಲ್ಲಿ ಮನೆ ಕೆಲಸಕ್ಕೆ ಸಿಗುವುದು ದೀಪಾವಳಿ ಕಳೆದು ಮಳೆ ಹಿಡಿಯುವವರೆಗಿನ ಆರೇಳು ತಿಂಗಳು. ‘ರಸ್ತೆ ಅಗಲ ಸಾಲದು’ ಎಂಬ ಒಂದು ಸಾಲಿನ ಷರಾ ಹೊತ್ತು ಫೈಲು ಫೆಬ್ರವರಿಯಲ್ಲಿ ವಾಪಸಾದರೆ, ಸಾಲ ಮಾಡಿ ತರಿಸಿದ ಕೆಂಪುಕಲ್ಲು ಜೂನ್ ತಿಂಗಳಲ್ಲಿ ಅಂಗಳದಲ್ಲೇ ಪಾಚಿ ಹಿಡಿಯುತ್ತದೆ, ಮನೆಯವರು ಟಾರ್ಪಾಲಿನ ಕೆಳಗೆ ಇನ್ನೊಂದು ಮಳೆಗಾಲ ಕಳೆಯುತ್ತಾರೆ.