ಶಾವಿಗೆ ಒರಳಿನ ಹಿಡಿ

ಬೆಂಗಳೂರಿನಿಂದ ಅರಳಸುರಳಿಗೆ ಬಂದಿದ್ದ ಮೊಮ್ಮಗಳು ಥಾಯ್ ರೀತಿಯ ಶೇಂಗಾ ನೂಡಲ್ಸ್ ಮಾಡಲು ಹೊರಟಳು. ಪೊಟ್ಟಣದ ನೂಡಲ್ಸ್ ಏಕೆ, ನಮ್ಮ ಒತ್ತುಶಾವಿಗೆಯೇ ಆದೀತೆಂದು ನಾನು ಅಟ್ಟದಿಂದ ಒರಳನ್ನು ಇಳಿಸಿದೆ.

ಹುರಿದು ತರಿಯಾಗಿ ಕುಟ್ಟಿದ ಶೇಂಗಾ, ಹುಣಸೆರಸ, ಜೋನಿಬೆಲ್ಲ, ಮೆಣಸಿನಪುಡಿ, ಉಪ್ಪು ಇಷ್ಟೇ ಮಸಾಲೆ. ಅವರು ಹಾಕುವ ಮೀನಿನ ಸಾಸನ್ನು ಕೈಬಿಟ್ಟೆವು. ಬಾಣಲೆಯಲ್ಲಿ ಬಾಡಿಸಿದ ತರಕಾರಿಗೆ ಇದನ್ನೂ ಆರಿದ ಶಾವಿಗೆಯನ್ನೂ ಸೇರಿಸಿ ಎರಡು ನಿಮಿಷ ಮಗುಚಿದರೆ ಸಿದ್ಧ.

ಇದು ನಮ್ಮದಲ್ಲವೆಂದು ಮೂಗು ಮುರಿಯುವವರಿಗೊಂದು ಮಾತು. ಶೇಂಗಾ, ಮೆಣಸಿನಕಾಯಿಗಳೆರಡೂ ಅಮೆರಿಕ ಖಂಡಗಳಿಂದ ಬಂದವು. ಥಾಯ್ ಜನರೂ ನೂಡಲ್ಸನ್ನು ಚೀನೀಯರಿಂದ ಪಡೆದರು. 1938-44ರ ಫಿಬುನ್ ಸೊಂಗ್‌ಕ್ರಾಮ್ ಆಡಳಿತದ ಪ್ರೋತ್ಸಾಹದಿಂದ ಅದು ಅವರ ರಾಷ್ಟ್ರೀಯ ಖಾದ್ಯವೇ ಆಯಿತು. ರುಚಿಗೆ ಗಡಿಯಿಲ್ಲ.

ನಾವು ಯೋಚಿಸಬೇಕಾದದ್ದು ಬೇರೆ ಇದೆ. ಬೆಂದ ಹಿಟ್ಟಿನುಂಡೆ ಆರಿದರೆ ಒತ್ತಲಾಗದು. ಒಬ್ಬರು ಒರಳನ್ನು ಭದ್ರವಾಗಿ ಹಿಡಿದರೆ ಮತ್ತೊಬ್ಬರು ಮೈಬಲವೆಲ್ಲ ಹಾಕಿ ತಿರುಗಿಸಬೇಕು. ಶಾಲೆಯಲ್ಲಿ ಮೂವತ್ತು ವರ್ಷ ಶ್ರಮದ ಗೌರವವನ್ನು ಬೋಧಿಸಿದ ನಾನು, ಮನೆಯಲ್ಲಿ ಬಾಳೆಯೆಲೆಯ ಮುಂದೆ ಮಾತ್ರ ಕುಳಿತವನು. ಅಂದು ಹತ್ತು ಉಂಡೆ ಒತ್ತುವಷ್ಟರಲ್ಲಿ ತೋಳು ಸೋತಿತು. "ಈಗ ಗೊತ್ತಾತಾ?" ಎಂದು ಮನೆಯವಳು ನಕ್ಕಳು. ನನಗೆ ನಗು ಬರಲಿಲ್ಲ.

ಪ್ರಿಯ ಶಿಷ್ಯರೇ, ಯಾವ ದೇಶದ ಅಡುಗೆಯನ್ನಾದರೂ ಮಾಡಿರಿ. ಒರಳಿನ ಹಿಡಿಯನ್ನು ಮಾತ್ರ ಗಂಡಸರೂ ಹಿಡಿಯಿರಿ. ನನ್ನಂತೆ ಅರುವತ್ತು ದಾಟುವವರೆಗೆ ಕಾಯಬೇಡಿರಿ.