118 ಎನ್‌ಇಗೆ ಬೇರೆ ಎಂಜಿನ್ ಬೇಕೆ?

ಠಾಣೆ ಜಿಲ್ಲೆಗೆ ಪ್ರೀಮಿಯರ್ ಕಂಪನಿ ಹೊಸದಲ್ಲ. ಪ್ಯೂಜೋ 309 ತಯಾರಾದದ್ದು ಅದರ ಕಲ್ಯಾಣ್ ಕಾರ್ಖಾನೆಯಲ್ಲಿ. ಅದೇ ಕಂಪನಿ 1985ರಲ್ಲಿ ತಂದ 118 ಎನ್‌ಇ ಹೆಸರಿಗೆ ಸೆಡಾನ್, ರ‍್ಯಾಲಿ ಹುಚ್ಚಿನವರ ಪಾಲಿಗೆ ಸ್ಪೋರ್ಟ್ಸ್ ಕಾರು. ಇಂದು ಅದನ್ನು ಇಟ್ಟುಕೊಂಡವರಿಗೆ ಎರಡು ಬಗೆಯ ಬುದ್ಧಿಮಾತು: ಇನ್ನೂ ಬಲವಾದ ಎಂಜಿನ್ ಕೂರಿಸಿ, ಇಲ್ಲವೇ, ಒಂದು ಬೋಲ್ಟನ್ನೂ ಮುಟ್ಟಬೇಡಿ.

ಶುದ್ಧತೆಯ ವಾದ ಈ ಕಾರಿಗೆ ಒಗ್ಗುವುದಿಲ್ಲ. ಬಾಡಿ ಇಟಲಿಯ ಫಿಯಟ್ 124ರದು, 1,171 ಸಿಸಿ ಎಂಜಿನ್ ಜಪಾನಿನ ನಿಸಾನ್‌ನದು. ಹುಟ್ಟಿನಿಂದಲೇ ಬೆರಕೆ. ಆದರೂ ಎಂಜಿನ್ ಬದಲಿಸಬೇಡಿ ಎನ್ನುತ್ತೇನೆ. ಆ ಬೆರಕೆಯೇ ಕಾರಿನ ಚರಿತ್ರೆ. ಎರವಲು ಪದಗಳು ಬಳಸುತ್ತಾ ನಮ್ಮವಾಗುವಂತೆ ಆ ಜೋಡಿಯೂ ನಮ್ಮದಾಗಿದೆ.

ಇನ್ನೊಂದು ಲೆಕ್ಕವೂ ಇದೆ. 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗುವುದು 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರುವ ವಾಹನಕ್ಕೆ. ಮೊದಲ 118 ಎನ್‌ಇಗಳಿಗೆ ಆ ವಯಸ್ಸಾಗುವುದು 2035ಕ್ಕೆ. ಇಂದು ಎಂಜಿನ್ ಕಿತ್ತವರಿಗೆ ಅಂದು ಆ ಬಾಗಿಲು ಮುಚ್ಚಿರುತ್ತದೆ.

ಹಾಗೆಂದು ಕಾರಿಗೆ ಹೊದಿಕೆ ಹಾಕಿ ಕೂರಬೇಕಿಲ್ಲ. ಕಲ್ಯಾಣ್–ಶೀಳ್ ರಸ್ತೆಯ ಜಾಮಿನಲ್ಲಿ, ಜುಲೈ ಮಳೆಯಲ್ಲಿ ಅದು ಓಡಲಿ. ಒಳ್ಳೆಯ ಟೈರು, ಹಿಂದಿನ ಸೀಟಿಗೂ ಬೆಲ್ಟು, ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ. ಬಿಚ್ಚಿ ಮೊದಲಿನಂತೆ ಮಾಡಬಹುದಾದ ಬದಲಾವಣೆಗೆ ನನ್ನ ತಕರಾರಿಲ್ಲ. ತೆಗೆದ ಪಾರ್ಟುಗಳನ್ನು ಮಾತ್ರ ಗುಜರಿಗೆ ಹಾಕಬೇಡಿ. ಕಾರಿನ ಜೊತೆ ಮುಂದಿನ ಮಾಲೀಕರಿಗೆ ಅವೂ ಸೇರಬೇಕು.