ಹೊಲದ ಗೊಬ್ಬರ ಕೊಲ್ಲಿ ಸೇರುವ ದಾರಿ

ಕಾರ್ಖಾನೆಯ ಕೊಳವೆಯಿಂದ ಬರುವ ಹೊಲಸಿಗೆ ಒಂದು ವಿಳಾಸವಿರುತ್ತದೆ. ಕೊಳವೆಯ ಬಾಯಲ್ಲೇ ಅದನ್ನು ಅಳೆಯಬಹುದು, ಮಿತಿ ಮೀರಿದರೆ ದಂಡ ಹಾಕಬಹುದು. ಹೊಲದ ಗೊಬ್ಬರಕ್ಕೆ ಅಂಥ ಬಾಯಿಯೇ ಇಲ್ಲ. ಪ್ರತಿ ಮಳೆಗೂ ಸಾವಿರಾರು ಹೊಲಗಳಿಂದ ಅಷ್ಟಷ್ಟೇ ತೊಳೆದುಹೋಗಿ ಹಳ್ಳ ಸೇರುತ್ತದೆ. ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಯನ್ನು ದಶಕಗಳಿಂದ ಕಾಡುತ್ತಿರುವ ಕೊಳೆಯಲ್ಲಿ ಬಹುಪಾಲು ಈ ಬಗೆಯದು. ಅದು ಎಲ್ಲೆಲ್ಲಿಂದ ಬರುತ್ತಿದೆ ಎಂದು ಪತ್ತೆಹಚ್ಚಲು ಅಲ್ಲಿ ಅಂತರ್ಜಾಲದ ನಕ್ಷೆಗಳನ್ನು ಬಳಸುತ್ತಿದ್ದಾರೆ. ಈ ನಕ್ಷೆಗಳು ಏನು ಮಾಡಬಲ್ಲವು, ಏನು ಮಾಡಲಾರವು ಎಂಬುದನ್ನು ತಿಳಿಯಲು ಮೊದಲು ನೀರಿನ ದಾರಿಯನ್ನು ಅರಿಯಬೇಕು.

ಮಾಡಿನ ಒಂದು ಇಳಿಜಾರಿನ ಮೇಲೆ ಬಿದ್ದ ಮಳೆಯೆಲ್ಲ ಒಂದೇ ದೋಣಿಗೆ ಇಳಿಯುವಂತೆ, ಒಂದು ಭೂಭಾಗದ ಮೇಲೆ ಬಿದ್ದ ನೀರೆಲ್ಲ ಕೊನೆಗೆ ಒಂದೇ ಹೊಳೆಯನ್ನು ಸೇರುತ್ತದೆ. ಆ ಭೂಭಾಗವೇ ಆ ಹೊಳೆಯ ಜಲಾನಯನ ಪ್ರದೇಶ. ಚೆಸಪೀಕ್ ಕೊಲ್ಲಿಯ ಜಲಾನಯನ ಆರು ರಾಜ್ಯಗಳಲ್ಲಿಯೂ ರಾಜಧಾನಿ ವಾಷಿಂಗ್ಟನ್‌ನಲ್ಲಿಯೂ ಹರಡಿದ್ದು, ಸುಮಾರು 1.65 ಲಕ್ಷ ಚದರ ಕಿಲೋಮೀಟರ್ ಇದೆ. ಕರ್ನಾಟಕಕ್ಕಿಂತ ತುಸು ಚಿಕ್ಕದು. ಆದರೆ ಕೊಲ್ಲಿಯ ಸರಾಸರಿ ಆಳ ಏಳು ಮೀಟರ್ ಕೂಡ ಇಲ್ಲ. ಇಷ್ಟು ದೊಡ್ಡ ನೆಲದ ಕೊಳೆ ಅಷ್ಟು ಕಡಿಮೆ ನೀರಿಗೆ ಬಂದು ಬೀಳುತ್ತದೆ. ಪೆನ್ಸಿಲ್ವೇನಿಯಾದ ಕೃಷಿಭೂಮಿಯನ್ನು ಹಾದುಬರುವ ಸಸ್ಕ್ವೆಹಾನಾ ನದಿಯೊಂದೇ ಕೊಲ್ಲಿಯ ಸಿಹಿನೀರಿನಲ್ಲಿ ಅರ್ಧದಷ್ಟನ್ನು ತರುತ್ತದೆ.

ಗೊಬ್ಬರದಲ್ಲಿರುವ ಸಾರಜನಕ ಮತ್ತು ರಂಜಕ ಬೆಳೆಗೆ ಹೇಗೋ ಪಾಚಿಗೂ ಹಾಗೆಯೇ ಆಹಾರ. ಹೀಗೆ ಹುಲುಸಾಗಿ ಬೆಳೆದ ಪಾಚಿ ಸತ್ತು ತಳಕ್ಕಿಳಿದು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಮುಗಿದುಹೋಗುತ್ತದೆ, ಏಡಿ, ಮೀನುಗಳಿಗೆ ಉಸಿರುಕಟ್ಟುತ್ತದೆ. ಆದರೆ ಈ ಎರಡು ಪೋಷಕಾಂಶಗಳು ಹಿಡಿಯುವ ದಾರಿ ಬೇರೆ ಬೇರೆ. ರಂಜಕ ಹೆಚ್ಚಾಗಿ ಮಣ್ಣಿನ ಕಣಗಳಿಗೆ ಅಂಟಿಕೊಂಡು, ಮಣ್ಣು ಕೊಚ್ಚಿಹೋದಾಗ ಅದರ ಜೊತೆ ಹೋಗುತ್ತದೆ. ಸಾರಜನಕ ನೈಟ್ರೇಟ್ ರೂಪದಲ್ಲಿ ನೀರಿನಲ್ಲಿ ಕರಗಿ ನೆಲದೊಳಕ್ಕೆ ಇಂಗುತ್ತದೆ, ಅಂತರ್ಜಲದ ಮೂಲಕ ನಿಧಾನವಾಗಿ ಹೊಳೆಗೆ ಬರುತ್ತದೆ. ಮೇಲೆ ಹರಿಯುವ ನೀರನ್ನು ಮಾತ್ರ ನೋಡುವ ನಕ್ಷೆ ರಂಜಕದ ಬಗ್ಗೆ ಹೇಳುವಷ್ಟನ್ನು ಸಾರಜನಕದ ಬಗ್ಗೆ ಹೇಳಲಾರದು.

ಈಗ ನಕ್ಷೆಯ ಕೆಲಸಕ್ಕೆ ಬರೋಣ. ವಿಮಾನದಿಂದ ಲೇಸರ್ ಕಿರಣ ಬಿಟ್ಟು ನೆಲದ ಏರುತಗ್ಗುಗಳನ್ನು ಅಳೆಯುವ ವಿಧಾನಕ್ಕೆ ಲೈಡಾರ್ ಎನ್ನುತ್ತಾರೆ. ಈ ಅಳತೆಯನ್ನು ಆಧರಿಸಿ ಕಂಪ್ಯೂಟರ್ ನೆಲವನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆಯುತ್ತದೆ. ಪ್ರತಿ ಚೌಕಕ್ಕೂ ಎಂಟು ನೆರೆಯ ಚೌಕಗಳಿವೆ. ಯಾವುದರ ಕಡೆಗೆ ಇಳಿಜಾರು ಹೆಚ್ಚೋ ನೀರು ಅಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಹಾಕುತ್ತದೆ. ಹೀಗೆ ಚೌಕದಿಂದ ಚೌಕಕ್ಕೆ ಮುಂದುವರಿದರೆ, ಎಲ್ಲಿ ಎಷ್ಟು ಚೌಕಗಳ ನೀರು ಕೂಡುತ್ತದೆ ಎಂಬುದು ಸಿಗುತ್ತದೆ. ಕಣ್ಣಿಗೆ ಮಟ್ಟಸವಾಗಿ ಕಾಣುವ ಹೊಲದಲ್ಲೂ ನೀರು ಒಟ್ಟುಗೂಡಿ ಓಡುವ ಕೊರಕಲು ಆಗ ಎದ್ದು ಕಾಣುತ್ತದೆ. ಇದರ ಮೇಲೆ ಮಣ್ಣಿನ ಬಗೆ, ಬೆಳೆ, ಜಾನುವಾರುಗಳ ಸಂಖ್ಯೆ, ಮಳೆಯ ದಾಖಲೆಗಳನ್ನು ಪದರ ಪದರವಾಗಿ ಹೊದಿಸುತ್ತಾರೆ. ಪೆನ್ಸಿಲ್ವೇನಿಯಾದ ಸ್ಟ್ರೌಡ್ ಜಲ ಸಂಶೋಧನಾ ಕೇಂದ್ರದ 'ಮಾಡೆಲ್ ಮೈ ವಾಟರ್‌ಶೆಡ್' ಎಂಬ ಉಚಿತ ತಾಣದಲ್ಲಿ ಯಾರು ಬೇಕಾದರೂ ತಮ್ಮ ಹಳ್ಳದ ಜಲಾನಯನವನ್ನು ಗುರುತಿಸಿ, ಅಲ್ಲಿಂದ ವರ್ಷಕ್ಕೆ ಎಷ್ಟು ಸಾರಜನಕ, ರಂಜಕ, ಹೂಳು ಹೊರಹೋಗಬಹುದು ಎಂಬ ಅಂದಾಜು ಪಡೆಯಬಹುದು. ಸುಗ್ಗಿಯ ನಂತರ ನೆಲ ಬರಿದಾಗದಂತೆ ಹೊದಿಕೆ ಬೆಳೆ ಹಾಕಿದರೆ, ಹಳ್ಳದ ದಡದಲ್ಲಿ ಮರ ನೆಟ್ಟರೆ ಅಂಕಿ ಎಷ್ಟು ಇಳಿಯುತ್ತದೆ ಎಂದೂ ಹೋಲಿಸಿ ನೋಡಬಹುದು.

ಎಲ್ಲಿ ಎಂಬುದಕ್ಕೆ ಇಷ್ಟು ಮಹತ್ವ ಏಕೆ? ಇದೇ ಜಲಾನಯನದ ಒಂದು ಸಣ್ಣ ಹಳ್ಳದ ಅಧ್ಯಯನದಲ್ಲಿ, ಪಾಚಿಗೆ ದಕ್ಕುವ ರಂಜಕದಲ್ಲಿ ಶೇ. 90ರಷ್ಟು ಸುಮಾರು ಶೇ. 10ರಷ್ಟು ನೆಲದಿಂದಲೇ, ಅದೂ ಕೆಲವೇ ದೊಡ್ಡ ಮಳೆಗಳಲ್ಲಿ ಹೊರಬರುವುದು ಕಂಡುಬಂದಿತ್ತು. ರಂಜಕ ಹೆಚ್ಚಿರುವುದೂ ನೀರು ಹರಿಯುವುದೂ ಕೂಡಿಬರುವ ಜಾಗಗಳು ಅವು. ದಡದ ಮರಗಳ ವಿಷಯದಲ್ಲೂ ಅಷ್ಟೇ. ಉದ್ದಕ್ಕೂ ಸಮನಾಗಿ ನೆಟ್ಟ ಪಟ್ಟಿ ನೋಡಲು ಚೆಂದ, ಆದರೆ ನೀರು ಸಮನಾಗಿ ಬರುವುದಿಲ್ಲ. ಅದು ಒಂದು ಕೊರಕಲಿನಲ್ಲಿ ಕೂಡಿ ಬಂದರೆ ಮರಗಳ ಸಾಲನ್ನು ಒಂದೇ ಕಡೆ ಸೀಳಿಕೊಂಡು ಹೋಗುತ್ತದೆ, ಉಳಿದ ಮರಗಳಿಗೆ ಸೋಸಲು ಕೆಲಸವೇ ಇರುವುದಿಲ್ಲ.

ಮಿತಿಗಳೂ ಉಂಟು. ಯಾವ ರೈತ ಯಾವಾಗ ಎಷ್ಟು ಗೊಬ್ಬರ ಹಾಕಿದ ಎಂಬುದು ನಕ್ಷೆಗೆ ತಿಳಿಯದು. ರೈತರು ಕೃಷಿ ಇಲಾಖೆಯ ಯೋಜನೆಗಳಿಗೆ ಕೊಟ್ಟ ಹೊಲವಾರು ಮಾಹಿತಿಯನ್ನು ಬಹಿರಂಗಪಡಿಸದಂತೆ ಅಮೆರಿಕದ 2008ರ ಕೃಷಿ ಕಾಯ್ದೆಯೇ ತಡೆದಿದೆ. ಸಾರಜನಕ ನೆಲದಡಿಯ ದಾರಿಯಲ್ಲಿ ವರ್ಷಗಟ್ಟಲೆ, ಕೆಲವೆಡೆ ದಶಕಗಟ್ಟಲೆ ಉಳಿಯುವುದರಿಂದ ಇಂದು ಹೊಳೆಗೆ ಬರುತ್ತಿರುವುದು ಅಪ್ಪನ ಕಾಲದ ಗೊಬ್ಬರವೂ ಆಗಿರಬಹುದು. ಇನ್ನು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಹೈನುಗಾರಿಕೆ ಮಾಡುವ ಆಮಿಶ್ ಸಮುದಾಯದ ಬಹಳಷ್ಟು ಜನ ಧರ್ಮದ ಕಟ್ಟಳೆಯಿಂದ ಕಂಪ್ಯೂಟರನ್ನೇ ದೂರವಿಟ್ಟವರು. ನಕ್ಷೆ ಎಷ್ಟೇ ಜಾಣವಾಗಿರಲಿ, ಅಂಥ ಮನೆಗೆ ಅದನ್ನು ಪರಿಚಯದ ಮನುಷ್ಯರೇ ಒಯ್ಯಬೇಕು.

ನಮ್ಮಲ್ಲೂ ಕರ್ನಾಟಕದ ಸುಜಲಾ-3 ಜಲಾನಯನ ಯೋಜನೆಯಲ್ಲಿ ಮಣ್ಣು, ಇಳಿಜಾರುಗಳ ಮಾಹಿತಿಯನ್ನು ಸರ್ವೆ ನಂಬರಿನ ಮಟ್ಟದಲ್ಲಿ ಸಂಗ್ರಹಿಸಿದ್ದರು. ಯಾವ ಬೆಳೆ ಒಗ್ಗುತ್ತದೆ, ಎಲ್ಲಿ ಬದು ಹಾಕಬೇಕು ಎಂದು ತಿಳಿಯುವುದು ಅದರ ಉದ್ದೇಶ. ಕೆರೆಗೆ ಗೊಬ್ಬರ ಎಲ್ಲಿಂದ ಬರುತ್ತಿದೆ ಎಂದು ಕೇಳಲೂ ಬೇಕಾದ ಪದರಗಳು ಹೆಚ್ಚುಕಡಿಮೆ ಅವೇ.

ಚೆಸಪೀಕ್‌ಗೆ 2010ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮಾಲಿನ್ಯದ ಮಿತಿ ಗೊತ್ತುಮಾಡಿ, ಕ್ರಮಗಳೆಲ್ಲ 2025ರೊಳಗೆ ಜಾರಿಯಾಗಬೇಕೆಂದಿತ್ತು. ಕೃಷಿಯ ಪಾಲು ಗುರಿ ಮುಟ್ಟಲಿಲ್ಲ. ಕೊಲ್ಲಿಯನ್ನು ಶುದ್ಧಗೊಳಿಸುವ ಕಾರ್ಯಕ್ರಮದ ವಿಜ್ಞಾನ ಸಲಹಾ ಸಮಿತಿ 2023ರ ವರದಿಯಲ್ಲಿ, ಹೆಚ್ಚು ಕೊಳೆ ಹೊರಡುವ ಜಾಗಗಳ ಮೇಲೆ ಗಮನವಿಡಬೇಕೆಂದು ಹೇಳಿತು. ನನಗೂ ಅದೇ ಸರಿ ಎನಿಸುತ್ತದೆ. ಹೊದಿಕೆ ಬೆಳೆ, ದಡದ ಮರಗಳಂಥ ಕ್ರಮಗಳಿಗೆ ಅರ್ಜಿ ಹಾಕಿದವರಿಗಷ್ಟೇ ಸಹಾಯಧನ ಹಂಚುವ ಪದ್ಧತಿ ಇರುವವರೆಗೆ ನಕ್ಷೆ ಬರೀ ಚಿತ್ರ. ಅದನ್ನು ನಂಬುವುದಾದರೆ, ಕೊರಕಲಿನ ಬದಿಯ ರೈತನನ್ನು ಅವನು ಕೇಳದಿದ್ದರೂ ಹುಡುಕಿಕೊಂಡು ಹೋಗಬೇಕು, ಪಕ್ಕದವನಿಗಿಂತ ಅವನಿಗೆ ಹೆಚ್ಚು ಕೊಡಬೇಕು. ತನ್ನ ಖರ್ಚಿನಲ್ಲೇ ದಡಕ್ಕೆ ಮರ ನೆಟ್ಟುಕೊಂಡ ರೈತ ಇದನ್ನು ಅನ್ಯಾಯವೆಂದರೆ ತಪ್ಪೆನ್ನಲಾಗದು. ಅವನಿಗೆ ಉತ್ತರ ಹೇಳುವ ಕೆಲಸ ನಕ್ಷೆ ಮಾಡಿದವರದಲ್ಲ, ಹಣ ಹಂಚುವ ಸರ್ಕಾರದ್ದು.